ಶಹಾಬಾದ್ ಕಲ್ಲಿನ ಮೇಲೆ ಬರೆದ ಹೃದಯ

ನರೋಣಾದ ನಮ್ಮ ಮನೆಯ ಪಡಸಾಲೆಗೆ ಇಪ್ಪತ್ತೆಂಟು ಶಹಾಬಾದ್ ಕಲ್ಲು ಹಾಸಿದ್ದರು. ಉದ್ದಕ್ಕೆ ಏಳು, ಅಡ್ಡಕ್ಕೆ ನಾಲ್ಕು. ಯಾವ ಕಲ್ಲಿನ ಮೂಲೆ ಮುಕ್ಕಾಗಿತ್ತು, ಯಾವುದರ ಕೆಳಗೆ ಮಣ್ಣು ಕುಸಿದು ಕಾಲಿಟ್ಟರೆ ಡಬ್ ಎನ್ನುತ್ತಿತ್ತು, ಯಾವ ಸಂದಿಯಿಂದ ಇರುವೆಗಳು ಹೊರಡುತ್ತಿದ್ದವು ಎಂಬುದನ್ನು ಈಗಲೂ ಹೇಳಬಲ್ಲೆ. ನಮ್ಮ ಕಡೆಯ ಬೇಸಿಗೆ ಕಂಡವರಿಗೆ ಗೊತ್ತು: ಏಪ್ರಿಲ್ ಬಂತೆಂದರೆ ಮಂಚ, ಹಾಸಿಗೆ ಯಾವುದೂ ಬೇಡ. ಬರಿ ಕಲ್ಲಿನ ಮೇಲೆ ಮಲಗುವುದು, ಮೈಯ ಬಿಸಿಗೆ ಆ ಕಲ್ಲು ಕಾದಾಗ ಪಕ್ಕದ ಕಲ್ಲಿಗೆ ಉರುಳುವುದು, ಮಧ್ಯಾಹ್ನದ ಸುಖ ಅಂದರೆ ಅದೊಂದೇ. ನಾನು ಹಾಗೆ ಉರುಳುರುಳಿ ಬೆಳೆದವಳು. ಆದರೆ ನನಗೆ ಹನ್ನೆರಡು ತುಂಬಿದ ಬೇಸಿಗೆಯಲ್ಲಿ ಉರುಳಲು ಜಾಗವೇ ಇರಲಿಲ್ಲ. ಅಕ್ಕ ಮಹಾನಂದಾ ಆ ನೆಲದ ಮೇಲೆ ಒಬ್ಬ ಇಡೀ ಮನುಷ್ಯನನ್ನು ಬಿಡಿಬಿಡಿಯಾಗಿ ಬರೆದಿಟ್ಟಿದ್ದಳು.

ಅಕ್ಕ ಎರಡು ವರ್ಷ ದಿನಾ ಬಸ್ಸಿನಲ್ಲಿ ಕಲಬುರಗಿಗೆ ಹೋಗಿಬಂದು ಪಿಯುಸಿ ಸೈನ್ಸ್ ಓದಿದ್ದಳು. ಡಾಕ್ಟರಾಗಬೇಕೆಂದು ಅವಳ ತಲೆಯಲ್ಲಿ ಯಾವಾಗ ಹೊಕ್ಕಿತೋ ಗೊತ್ತಿಲ್ಲ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅದು ಹೊಕ್ಕಾಗಿತ್ತು. ಪಿಯುಸಿ ಪರೀಕ್ಷೆ ಮುಗಿದು, ವೈದ್ಯಕೀಯ ಸೀಟಿನ ಪ್ರವೇಶ ಪರೀಕ್ಷೆಗೆ ಇನ್ನು ಕೆಲವೇ ವಾರಗಳಿದ್ದವು. ಅಪ್ಪ ಬಸ್ ಕಂಡಕ್ಟರ್. ಹುಣ್ಣಿಮೆ ಬಂದರೆ ಗಾಣಗಾಪುರದ ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲದಷ್ಟು ಜನರ ನಡುವೆ ಒಂದು ಕೈಯಲ್ಲಿ ಕಂಬಿ ಹಿಡಿದು ಟಿಕೆಟ್ ಹರಿಯುತ್ತಿದ್ದ ಮನುಷ್ಯ. ಮನೆಯಲ್ಲಿ ಮಾತು ಕಡಿಮೆ. ಆದರೆ ಈ ವಿಷಯದಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

"ಒಂದ ಸಲ ನೋಡವ್ವ. ಒಂದ ಸಲ ಬರಿ. ಸೀಟ್ ಸಿಕ್ತು ಅಂದ್ರ ಎಲ್ಲಿಗಿ ಅಂದ್ರ ಅಲ್ಲಿಗಿ ಕಳಸ್ತೇನಿ. ಇಲ್ಲಂದ್ರ ಜೇವರ್ಗಿಯವರು ಕೇಳಾಕತ್ತು ಭಾಳ ದಿನಾ ಆಯ್ತು."

ಜೇವರ್ಗಿಯವರು ಎಂದರೆ ಗಂಡಿನ ಕಡೆಯವರು. ಹುಡುಗ ಒಳ್ಳೆಯವನೇ ಇದ್ದನಂತೆ, ನೀರಾವರಿ ಹೊಲ ಇತ್ತಂತೆ. ಅಕ್ಕ ಅವರ ಹೆಸರು ಬಂದಾಗಲೆಲ್ಲ ಎದ್ದು ಹೋಗಿ ನೀರು ಕುಡಿಯುತ್ತಿದ್ದಳು. ಆ ಬೇಸಿಗೆಯಲ್ಲಿ ಅವಳು ಕುಡಿದ ನೀರಿಗೆ ಲೆಕ್ಕವಿಲ್ಲ.

ಬಾಯಿಪಾಠ ನಮ್ಮ ಮನೆಗೆ ಹೊಸದಲ್ಲ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ನೂರಾರು ವಚನಗಳು ಬರುತ್ತಿದ್ದವು. ಸಂಜೆ ಹಣೆಗೆ ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮುಗಿಸಿ ಅವಳು ಅಡುಗೆಮನೆಯ ಹೊಸ್ತಿಲಿಗೆ ಬೆನ್ನು ಕೊಟ್ಟು, ಬೀದಿಬಾಗಿಲ ಕಡೆ ಮುಖಮಾಡಿ ಕೂರುವಳು. ಅಕ್ಕ, ನಾನು, ತಮ್ಮ ಒಬ್ಬೊಬ್ಬರೇ ಅವಳ ಮುಂದೆ ನಿಂತು ಒಂದು ವಚನ ಒಪ್ಪಿಸಬೇಕು. ಒಪ್ಪಿಸಿದ ಮೇಲೆಯೇ ತಾಟಿಗೆ ರೊಟ್ಟಿ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿರುತ್ತಿದ್ದಳು; ಆ ಬಡಿತ ನಿಂತಿತೆಂದರೆ ನಾವು ಎಲ್ಲೋ ತಪ್ಪಿದ್ದೇವೆ, ಅವ್ವ ಕಿವಿಗೊಟ್ಟಿದ್ದಾಳೆ ಎಂದರ್ಥ. ಇದರ ಅರ್ಥವೇನು ಎಂದು ನಾನೊಮ್ಮೆ ಕೇಳಿದ್ದಕ್ಕೆ ಆಯಿ ಹೇಳಿದ್ದಳು:

"ಮೊದಲ ಬಾಯಿಗಿ ಬರಲಿ ಬೇ. ಅರ್ಥ ತನ್ನ ಟೈಮಿಗಿ ತಾನ ಬರ್ತದ. ಅದಕ್ಕೇನು ನಿಮ್ಮಪ್ಪನ ಬಸ್ಸು ಬೇಕಾಗಿಲ್ಲ."

ಹೀಗಾಗಿ ಅಕ್ಕನಿಗೆ ಬಾಯಿಪಾಠದ ಭಯವಿರಲಿಲ್ಲ. ಪುಸ್ತಕ ಕೈಯಲ್ಲಿ ಹಿಡಿದು ತಪ್ಪು ನೋಡುವವರು ಒಬ್ಬರು ಬೇಕಿತ್ತು, ಅದು ನಾನು. ನನಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತಿತ್ತೇ ಹೊರತು ಏನೂ ತಿಳಿಯುತ್ತಿರಲಿಲ್ಲ. ಅಕ್ಕ ಕಣ್ಣು ಮುಚ್ಚಿ ಸುರಿಸುತ್ತಿದ್ದಳು, ನಾನು ಸಾಲಿನ ಕೆಳಗೆ ಬೆರಳು ಓಡಿಸುತ್ತಿದ್ದೆ. ಒಂದು ಮಾತು ಬಿಟ್ಟರೆ ನಾಲಿಗೆಯಿಂದ ಟಕ್ ಎನ್ನಿಸಬೇಕು. ಕೇಳಿ ಕೇಳಿ ನನಗೂ ಅರ್ಧ ಬರತೊಡಗಿತು. ಬಾವಿಗೆ ನೀರಿಗೆ ಹೋದಾಗ ಬೇರೆ ಹುಡುಗಿಯರು ಸಿನಿಮಾ ಹಾಡು ಹೇಳಿದರೆ ನಾನು ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಹೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಅದರಲ್ಲೂ ಹೃದಯದ ಪಾಠಕ್ಕೆ ಅಕ್ಕ ಕನ್ನಡದಲ್ಲೊಂದು ಧಾಟಿ ಮಾಡಿದ್ದಳು: ಬಲಕ್ಕೆ ಅಶುದ್ಧ, ಎಡಕ್ಕೆ ಶುದ್ಧ, ಬಲಕ್ಕೆ ನೀಲಿ, ಎಡಕ್ಕೆ ಕೆಂಪು. ಇದನ್ನು ನಾನು ಕುಂಟಾಬಿಲ್ಲೆ ಆಡುವಾಗಲೂ ಹೇಳುತ್ತಿದ್ದೆ.

ಪುಸ್ತಕ ನಮ್ಮದಲ್ಲ, ಕಲಬುರಗಿಯ ಗೆಳತಿಯೊಬ್ಬಳದು; ಪಿಯುಸಿ ಪರೀಕ್ಷೆಯಾದ ಮೇಲೆ ಅವಳ ತಂಗಿಗೆ ವಾಪಸು ಕೊಡಬೇಕಿತ್ತು. ಮಾತುಗಳನ್ನೆಲ್ಲ ಅಕ್ಕ ನೋಟ್‌ಬುಕ್ಕಿಗೆ ಇಳಿಸಿಕೊಂಡಳು. ಚಿತ್ರಗಳನ್ನು ಮಾತ್ರ, ಸಣ್ಣದಾಗಿ ಬರೆದರೆ ತಲೆಯಲ್ಲಿ ನಿಲ್ಲುವುದಿಲ್ಲ ಎಂದು ನೆಲಕ್ಕೆ ಇಳಿಸಿದಳು. ಶಾಲೆಯ ಖಡು ಅಂದರೆ ಸೀಮೆಸುಣ್ಣದಿಂದ ಗೆರೆ, ಇಟ್ಟಂಗಿ ಚೂರಿನಿಂದ ಕೆಂಪು, ಬಟ್ಟೆಗೆ ಹಾಕುವ ನೀಲಿಯನ್ನು ನೀರಿನಲ್ಲಿ ಕಲಸಿ ಬೆರಳಿನಿಂದ ನೀಲಿ. ಕಿಟಕಿಯ ಕೆಳಗಿನ ಕಲ್ಲಿಗೆ ಕಣ್ಣು. ರೇಡಿಯೋದ ಕೆಳಗೆ ಕಿವಿ. ಅಡುಗೆಮನೆಯ ಹತ್ತಿರ ಹೊಟ್ಟೆ, ಕರುಳು, ಯಕೃತ್ತು. ಬಚ್ಚಲ ದಾರಿಯಲ್ಲಿ ಮೂತ್ರಪಿಂಡ. ನಡುವಿನ ದೊಡ್ಡ ಕಲ್ಲಿಗೆ ಹೃದಯ. ಬೆಳಗ್ಗೆ ಎದ್ದವಳೇ ಅಕ್ಕ ಕಲ್ಲಿನಿಂದ ಕಲ್ಲಿಗೆ ನಡೆಯುತ್ತ ಒಪ್ಪಿಸುವಳು. ಅವ್ವ ಅವುಗಳ ಸುತ್ತ ಒರೆಸುವಳು. ಒಮ್ಮೆ ಅಪ್ಪನನ್ನು ನೋಡಲು ಆಳಂದದಿಂದ ಬಂದ ಡ್ರೈವರ್ ಕಾಕಾ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತರು. ಅವ್ವ ಒಳಗಿನಿಂದಲೇ ಕೂಗಿದಳು:

"ಅಣ್ಣಾರ, ಅಲ್ಲಿ ನಿಂದರಬ್ಯಾಡ್ರಿ. ಅದು ಮೂತ್ರಪಿಂಡ ಅದ್ರಿ. ಕಿವಿ ಮ್ಯಾಲ ಕೂಡ್ರಿ, ಕಿವಿದು ಮುಗದದ."

"ಏ ತಂಗಿ, ಇದು ಮನಿ ಏನು ದವಾಖಾನಿ?" ಎಂದು ಅವರು ಒಂಟಿಗಾಲಲ್ಲಿ ನಿಂತದ್ದು ನೆನಪಿದೆ.

ಬಸವ ಜಯಂತಿಯ ಹಿಂದಿನ ದಿನ ಅಕ್ಕ ಪುಸ್ತಕ ಕೊಟ್ಟು ಬರಲು ಕಲಬುರಗಿಗೆ ಹೋದಳು. ಹಬ್ಬಕ್ಕೆ ಮನೆ ತೊಳೆಯಬೇಕು. ಪಡಸಾಲೆ ನನ್ನ ಪಾಲಿಗೆ ಬಂತು. ಚಿತ್ರಗಳನ್ನು ಬಿಟ್ಟು ಒರೆಸು ಎಂದು ಹೇಳಿ ಅವ್ವ ಹಿತ್ತಲಿಗೆ ಹೋದಳು. ನಾನು ಬಕೆಟ್ ಎತ್ತಿಕೊಂಡು ಹಿಂದೆ ಹಿಂದೆ ಸರಿಯುತ್ತ ಒರೆಸುತ್ತಿದ್ದೆ. ಆ ಡಬ್ ಎನ್ನುವ ಕಲ್ಲಿನ ಮೇಲೆ ಬಕೆಟ್ ಇಟ್ಟದ್ದೇ ತಪ್ಪು. ಕಲ್ಲು ಒಂದು ಕಡೆ ವಾಲಿತು, ಬಕೆಟ್ ಮಗುಚಿತು. ನೀರು ಸೀದಾ ಹೃದಯದ ಮೇಲೆ ಹೋಯಿತು. ನಾನು ಬಟ್ಟೆ ತಂದು ಒತ್ತಿದೆ, ಒತ್ತಿದಷ್ಟೂ ಕೆಂಪು ನೀಲಿ ಕೂಡಿ ಹರಡಿತು. ಆಗ ಅವ್ವನನ್ನು ಕರೆಯಬೇಕಿತ್ತು. ಕರೆಯಲಿಲ್ಲ. ಕಲ್ಲನ್ನು ಪೂರಾ ತೊಳೆದು, ಆರುವವರೆಗೆ ಸೆರಗಿನಂತೆ ಟವೆಲ್ ಹಿಡಿದು ಗಾಳಿ ಹಾಕಿ, ಅಕ್ಕ ಕೂರುವ ಜಾಗದಲ್ಲೇ, ಬೀದಿಬಾಗಿಲಿಗೆ ಬೆನ್ನು ಮಾಡಿ ಕೂತು, ಹೃದಯ ಬರೆಯತೊಡಗಿದೆ. ಆಕಾರ ಕಣ್ಣಿಗೆ ಕಟ್ಟಿತ್ತು, ಗೆರೆ ಸರಿಯಾಗಿಯೇ ಬಂತು. ಬಣ್ಣಕ್ಕೆ ಬಂದಾಗ ಒಂದು ಗಳಿಗೆ ಕೈ ತಡೆಯಿತು. ಆಮೇಲೆ ಧಾಟಿ ಇದ್ದೇ ಇತ್ತಲ್ಲ: ಬಲಕ್ಕೆ ನೀಲಿ, ಎಡಕ್ಕೆ ಕೆಂಪು. ನನ್ನ ಬಲಗೈ ಕಡೆ ನೀಲಿ ಬಳಿದೆ, ಎಡಗೈ ಕಡೆ ಇಟ್ಟಂಗಿ ತಿಕ್ಕಿದೆ. ನೋಡಲು ಅಕ್ಕನದಕ್ಕಿಂತ ಚೆಂದವಾಗಿತ್ತು. ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು.

ಹಬ್ಬದ ದಿನ ಗೋಧಿ ಹುಗ್ಗಿ ಉಂಡು ಅಕ್ಕ ಮತ್ತೆ ಕಲ್ಲಿನಿಂದ ಕಲ್ಲಿಗೆ ಹೊರಟಳು. ಹೃದಯದ ಹತ್ತಿರ ನಿಂತಳು. ಬಗ್ಗಿ ನೋಡಿದಳು, ನೋಟ್‌ಬುಕ್ ತೆರೆದು ನೋಡಿದಳು, ಮತ್ತೆ ನೆಲ ನೋಡಿದಳು.

"ಸುವ್ವಿ, ಇಲ್ಲಿ ಬಾ. ನೀಲಿ ಈ ಕಡಿ ಇತ್ತೇನ?"

ನಾನು ತಾಟು ತೊಳೆಯುತ್ತಿದ್ದೆ. ತಲೆ ಎತ್ತದೆ, "ಬಲಕ್ಕ ನೀಲಿ ಅಲ್ಲೇನಕ್ಕ?" ಎಂದೆ. ಸುಳ್ಳೂ ಅಲ್ಲ, ಖರೆಯೂ ಅಲ್ಲದ ಮಾತು. ಅಂಥ ಮಾತು ಹೇಗೆ ತಾನಾಗಿ ನಾಲಿಗೆಗೆ ಬರುತ್ತದೆಂದು ಅವತ್ತು ಕಂಡೆ.

ಅಲ್ಲಿಂದ ಐದು ದಿನ. ನಾನು ಅಂದುಕೊಂಡದ್ದು, ಅಕ್ಕ ಒಂದು ಬಣ್ಣ ಹೆಚ್ಚುಕಡಿಮೆ ಮಾಡಿಕೊಳ್ಳುತ್ತಾಳೆ, ಮುಗಿಯಿತು ಎಂದು. ಆದರೆ ಹಾಗಾಗಲಿಲ್ಲ. ಅವಳು ಆ ನೆಲವನ್ನು ತನ್ನ ಕೈಯಿಂದ ಬರೆದಿದ್ದಳು, ಹಾಗಾಗಿ ನೆಲದ ಮೇಲೆ ಅನುಮಾನ ಬರಲಿಲ್ಲ. ತನ್ನ ಮೇಲೇ ಬಂತು. ಗೋಡೆಗೆ ತಲೆಯಾನಿಸಿ ಕೂತು ಹೇಳುತ್ತಿದ್ದಳು:

"ನೋಟ್‌ಬುಕ್ಕ ಬಲ ಅಂತದ, ನೆಲಾನೂ ಬಲ ಅಂತದ. ನನ್ನ ಕಣ್ಣೊಂದ ಎಡ ಅನ್ನಾಕತ್ತದ. ನನ್ನ ತಲಿ ಕೆಟ್ಟದೇನವ್ವ?"

"ಉಣ್ಣು ಮೊದಲ. ಖಾಲಿ ಹೊಟ್ಟಿಲೆ ಯಾರ ತಲಿ ಸರಿ ಇರ್ತದ?" ಎಂದು ಅವ್ವ ರೊಟ್ಟಿಯ ಮೇಲೆ ಶೇಂಗಾ ಹಿಂಡಿಯ ಪುಡಿ, ಎಣ್ಣೆ ಹಾಕಿ ಮುಂದಿಡುತ್ತಿದ್ದಳು. ಅಕ್ಕ ಒಂದು ತುತ್ತು ತಿಂದು ತಾಟು ಸರಿಸುವಳು. ನಾಲ್ಕನೆಯ ದಿನ ಅವಳು ಒದ್ದೆ ಬಟ್ಟೆ ತೆಗೆದುಕೊಂಡು ಅಡುಗೆಮನೆಯ ಹತ್ತಿರದ ಕಲ್ಲನ್ನು ಅಳಿಸಿದಳು. ಯಕೃತ್ತು ಬಲಕ್ಕಿರಬೇಕು, ತಾನು ಎಡಕ್ಕೆ ಬರೆದಿದ್ದೇನೆ ಎಂದು ಅದನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದಳು. ಸರಿಯಾಗಿದ್ದ ಚಿತ್ರ ತಪ್ಪಾಯಿತು. ಆಮೇಲೆ ಮೂತ್ರಪಿಂಡದ ಕಲ್ಲಿಗೆ ಹೋದಳು. ನನ್ನ ಒಂದು ಕಲ್ಲಿನ ತಪ್ಪು ಇರುವೆಯಂತೆ ಸಂದಿ ದಾಟಿ ಬೇರೆ ಕಲ್ಲುಗಳಿಗೆ ಹೋಗುತ್ತಿತ್ತು. ಪರೀಕ್ಷೆಗೆ ಇನ್ನು ಹತ್ತೇ ದಿನ. ಅಪ್ಪ ಡ್ಯೂಟಿಯಿಂದ ಬಂದು ಬಾಗಿಲಲ್ಲಿ ನಿಂತು ಮಗಳ ಮುಖ ನೋಡಿ, ಅವ್ವನಿಗೆ ಮೆಲ್ಲಗೆ, "ಸಾಕು ಮಾಡಂತ ಹೇಳಲೇನು? ಹುಡುಗಿ ಸೊರಗಾಕತ್ತಳ. ಜೇವರ್ಗಿಯವರಿಗಿ ಬರ್ರಿ ಅಂತೇನಿ," ಎಂದರು. ಅಕ್ಕನಿಗೆ ಕೇಳಿಸಿತು. ಅವಳು ಎದ್ದು ನೀರು ಕುಡಿಯಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಮರುದಿನ ಮಧ್ಯಾಹ್ನ ಆಯಿ ತೊಗರಿಬೇಳೆ ಹಸನು ಮಾಡುತ್ತ ಹೊಸ್ತಿಲ ಬಳಿ ಕೂತಿದ್ದಳು, ಪಕ್ಕದಲ್ಲಿ ನಾನು. ಅಕ್ಕ ಕಣ್ಣಿನ ಕಲ್ಲಿನ ಮೇಲೆ ಮಗ್ಗುಲಾಗಿ ಮಲಗಿದ್ದಳು, ನಿದ್ದೆ ಬಂದಿತ್ತು. ಆಯಿ ಮೊರದಿಂದ ಕಣ್ಣೆತ್ತದೆ ಕೇಳಿದಳು:

"ಆ ಗುಂಡಿಗಿ ಯಾವಾಗ ಹೊಳ್ಳಿತು ಬೇ?"

"ಯಾವ ಗುಂಡಿಗಿ?"

"ಎಷ್ಟವ ನಡೂಮನ್ಯಾಗ ಗುಂಡಿಗಿ? ನಾ ಇಲ್ಲೇ ಕೂಡಾಕಿ, ದಿನಾ ನೋಡಾಕಿ. ನೀಲಿ ನನ್ನ ಬಲಗೈ ಕಡಿ ಇತ್ತು. ಹಬ್ಬದ ದಿನದಿಂದ ಎಡಗೈ ಕಡಿ ಹೋಗ್ಯದ. ನಂಗ ಓದಾಕ ಬರೂದಿಲ್ಲ, ನೋಡಾಕ ಬರ್ತದ."

ನಾನು ಬೇಳೆಯಲ್ಲಿ ಕಲ್ಲು ಹುಡುಕುವವಳಂತೆ ಬಗ್ಗಿದೆ. ಕಣ್ಣೀರು ಮೊರಕ್ಕೆ ಬಿತ್ತು. ಆಯಿ ಮೊರವನ್ನು ತನ್ನ ಕಡೆ ಎಳೆದುಕೊಂಡಳು.

"ಬ್ಯಾಳಿ ತೋಯಿಸಬ್ಯಾಡ. ನಾ ಹೇಳಿದರ ಅದು ಚಾಡಿ ಆಗ್ತದ. ನೀನ ಹೇಳು. ಸಂಜಿ ತನಕ ಟೈಮ್ ಅದ."

ಸಂಜೆಯಾಯಿತು. ಆಯಿಯ ಪೂಜೆ ಮುಗಿಯಿತು. ಒಳಗೆ ರೊಟ್ಟಿಯ ಬಡಿತ ಶುರುವಾಗಿತ್ತು. ಅಪ್ಪ ಅಂದು ಬೇಗ ಬಂದು ಕಟ್ಟೆಯ ಮೇಲೆ ಕಾಲು ತೊಳೆಯುತ್ತಿದ್ದರು. ನನ್ನ ಸರದಿ ಬಂದಾಗ ಆಯಿಯ ಮುಂದೆ ನಿಂತು ಕೈ ಮುಗಿದೆ. ಕಲಿತ ವಚನವೊಂದೂ ಬಾಯಿಗೆ ಬರಲಿಲ್ಲ. ಕೊನೆಗೆ ವಚನ ಒಪ್ಪಿಸುವ ದನಿಯಲ್ಲೇ, ಒಂದೇ ಉಸಿರಿಗೆ, ಬಕೆಟ್ ಮಗುಚಿದ್ದು, ಹೃದಯ ತೊಳೆದು ಹೋದದ್ದು, ಬಲಕ್ಕೆ ನೀಲಿ ಎಂದು ನಾನೇ ಬಳಿದದ್ದು, ಅಕ್ಕ ಕೇಳಿದಾಗ ಹೌದೆಂದದ್ದು, ಎಲ್ಲ ಒಪ್ಪಿಸಿದೆ. ರೊಟ್ಟಿಯ ಬಡಿತ ನಿಂತಿತು. ಅವ್ವ ಹಿಟ್ಟುಗೈಯಲ್ಲೇ ಹೊರಗೆ ಬಂದು ಕೈ ಎತ್ತಿದಳು.

"ಎಂಥಾಕಿ ಬೇ ನೀ! ಐದ ದಿನಾ ಅಕಿ ಅನ್ನಾ ನೀರು ಬಿಟ್ಟು ಕುಂತದ್ದು ಕಣ್ಣಿಗಿ ಕಾಣಲಿಲ್ಲೇನ?"

"ಹೊಡಿಬ್ಯಾಡ ತಡಿ ಅವ್ವ," ಎಂದು ಅಕ್ಕ ಎದ್ದಳು. ಅವಳ ಮುಖದಲ್ಲಿ ಸಿಟ್ಟಿತ್ತೋ ಏನಿತ್ತೋ ನನಗೆ ತಿಳಿಯಲಿಲ್ಲ. ನನ್ನ ರಟ್ಟೆ ಹಿಡಿದು ಹೃದಯದ ಕಲ್ಲಿನ ಹತ್ತಿರ ಎಳೆದುಕೊಂಡು ಹೋಗಿ ಎದುರಿಗೆ ನಿಲ್ಲಿಸಿದಳು. "ನನ್ನ ಕಡಿ ಮಾರಿ ಮಾಡು. ನಿನ್ನ ಬಲಗೈ ಎತ್ತು."

ಎತ್ತಿದೆ. ಅಕ್ಕ ತನ್ನ ಬಲಗೈಯನ್ನೂ ಎತ್ತಿದಳು. ಎರಡು ಕೈಗಳು ಬೇರೆ ಬೇರೆ ಕಡೆ ಇದ್ದವು. ಅವಳು ಅದನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಖಡು ತೆಗೆದುಕೊಂಡು, ನಾನು ಮನೆಯಲ್ಲಿ ಹಾಕಿಕೊಂಡಿದ್ದ ಹಳೆಯ ಬಿಳಿ ಶಾಲೆಯ ಅಂಗಿಯ ಮೇಲೆ, ಎದೆಯ ಹತ್ತಿರ, ಗೆರೆ ಎಳೆದಳು. ನೀಲಿಯ ಬಟ್ಟಲಿಗೆ ಬೆರಳು ಅದ್ದಿ ನನ್ನ ಬಲದ ಕಡೆ ಬಳಿದಳು. ಅವಳು ನಿಂತ ಕಡೆಯಿಂದ ಅದು ಎಡಕ್ಕೆ ಕಂಡಿತು.

"ಪುಸ್ತಕದಾಗ ಮನುಷ್ಯಾ ನಮ್ಮ ಕಡಿ ಮಾರಿ ಮಾಡಿ ನಿಂತಿರ್ತಾನ! ಬಲ ಅಂದ್ರ ಅವನ ಬಲ, ನಮ್ದಲ್ಲ!" ಐದು ದಿನದ ಮೇಲೆ ಅಕ್ಕ ನಕ್ಕಳು. "ಎರಡ ವರ್ಷ ಆಯ್ತವ್ವ ನಾ ಈ ಚಿತ್ರ ಬರಿಯಾಕತ್ತು. ಬಲ ಅಂತ ಬಾಯಿಲೆ ಅಂತೇನಿ, ಎಡಕ್ಕ ಕೈಲೆ ಬರಿತೇನಿ. ಯಾಕ ಅಂತ ನಂಗ ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ."

ಅವಳಿಗೆ ಮಾತೂ ಬಾಯಿಪಾಠವಾಗಿತ್ತು, ಚಿತ್ರವೂ ಬಾಯಿಪಾಠವಾಗಿತ್ತು. ಎರಡನ್ನೂ ಕಟ್ಟುವ ಹಗ್ಗ ಇರಲಿಲ್ಲ. ಅದಕ್ಕೇ ನಾನು ಒಂದನ್ನು ಅಲುಗಾಡಿಸಿದಾಗ ಎಲ್ಲ ಅಲುಗಾಡಿತು. ಇದನ್ನು ಇಷ್ಟು ಬಿಡಿಸಿ ಹೇಳಲು ನನಗೆ ಬಂದದ್ದು ಬಹಳ ವರ್ಷಗಳ ಮೇಲೆ. ಅವತ್ತು ಕಂಡದ್ದು ಇಷ್ಟೇ: ಅಕ್ಕ ನನ್ನನ್ನು ಕಲ್ಲಿನಿಂದ ಕಲ್ಲಿಗೆ ಎಳೆದುಕೊಂಡು ಹೋಗಿ, ನನ್ನ ಅಂಗಿಯ ಮೇಲೆ ಯಕೃತ್ತು, ಬೆನ್ನ ಮೇಲೆ ಮೂತ್ರಪಿಂಡ ಬರೆದು, ನೆಲದ ಮೇಲಿನ ಒಂದೊಂದನ್ನೇ ತಿದ್ದಿದಳು. ಬೆನ್ನಿನ ಮೇಲೆ ಬರೆದಾಗ ನಾನು ಕಚಗುಳಿಯಾಗಿ ಕುಣಿದೆ. ಅಪ್ಪ ಒದ್ದೆ ಕಾಲಲ್ಲೇ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಜೇವರ್ಗಿಯ ಮಾತು ಎತ್ತಲಿಲ್ಲ. ಆಯಿ ಒಳಗೆ ತಿರುಗಿ ಹೇಳಿದಳು:

"ಇವತ್ತಿಂದು ಒಪ್ಪಿಸೂದು ಆಯ್ತು. ಅಕಿಗಿ ರೊಟ್ಟಿ ಹಾಕ್ರಿ."

ಹೃದಯದ ಕಲ್ಲನ್ನು ಮಾತ್ರ ಅಕ್ಕ ತಿದ್ದಲಿಲ್ಲ. "ಇರಲಿ, ತಪ್ಪಾದದ್ದು ಹೆಂಗಿರ್ತದ ಗೊತ್ತಿರಬೇಕು," ಎಂದಳು.

ಪರೀಕ್ಷೆಯ ದಿನ ಅಪ್ಪ ರಜೆ ಹಾಕಿ ಅವಳ ಜೊತೆ ಕಲಬುರಗಿಗೆ ಹೋದರು. ಅವಳು ಬರೆದಳು. ಎಂಬಿಬಿಎಸ್ ಸೀಟು ಸಿಗಲಿಲ್ಲ. ಅವಳ ಅಂಕಕ್ಕೆ ಆಯುರ್ವೇದದ ಸೀಟು ಸಿಕ್ಕಿತು. ಅಪ್ಪ ಕೊಟ್ಟ ಮಾತಿಗೆ ಇದು ಸೇರುತ್ತದೋ ಇಲ್ಲವೋ ಎಂದು ಮನೆಯಲ್ಲಿ ಎರಡು ದಿನ ಯಾರೂ ಉಸಿರೆತ್ತಲಿಲ್ಲ. ಮೂರನೆಯ ದಿನ ಬೆಳಗ್ಗೆ ಅಪ್ಪ ಟಿಕೆಟ್ ಚೀಲ ಹೆಗಲಿಗೆ ಹಾಕಿಕೊಳ್ಳುತ್ತ, "ಸೀಟ್ ಅಂದಿದ್ದೆ. ಯಾವ ಸೀಟ್ ಅಂತ ಅಂದಿದ್ದಿಲ್ಲ. ತಯಾರಿ ಮಾಡ್ಕೊ," ಎಂದು ಹೇಳಿ ಬಸ್ಸಿಗೆ ಹೋದರು. ಅಕ್ಕ ಕೊನೆಗೆ ಜೇವರ್ಗಿಗೇ ಹೋದಳು. ಲಗ್ನವಾಗಿ ಅಲ್ಲ, ತನ್ನ ಹೆಸರಿನ ಬೋರ್ಡ್ ತೆಗೆದುಕೊಂಡು ದವಾಖಾನೆ ಹಾಕಲು. ಲಗ್ನ ಆಮೇಲೆ, ಬೇರೆಯವರ ಜೊತೆ ಆಯಿತು.

ಆ ಐದು ದಿನಗಳು ಮಾತ್ರ ನನ್ನನ್ನು ಬಿಡಲಿಲ್ಲ. ನಾನು ನರ್ಸಿಂಗ್ ಮುಗಿಸಿ ಆಳಂದದಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಧೈರ್ಯ ಮಾಡಿ ಒಮ್ಮೆ ಕೇಳಿಬಿಟ್ಟೆ: ಆ ಐದು ದಿನ ನಾನು ಹಾಳು ಮಾಡದಿದ್ದರೆ ಎಂಬಿಬಿಎಸ್ ಆಗುತ್ತಿತ್ತೇ? ಅಕ್ಕ ಹಸಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು.

"ಗೊತ್ತಿಲ್ಲ ಬೇ. ಐದ ದಿನಾ ಅಂದ್ರ ಸಣ್ಣದಲ್ಲ, ಹೋಗಿದ್ದು ಹೋತು. ಆದ್ರ ಒಂದ ಮಾತು ಹೇಳ್ತೇನಿ ಕೇಳು. ಹೃದಯದ ಮ್ಯಾಲ ಒಂದ ಪ್ರಶ್ನೆನೂ ಬಂದಿದ್ದಿಲ್ಲ. ನಾ ಹೋಗಿದ್ದು ಫಿಜಿಕ್ಸಿನಾಗ. ಅದನ್ನೂ ಬಾಯಿಪಾಠಾನೇ ಮಾಡಿದ್ದೆ."

ಅವಳು ಇಲ್ಲ ಎನ್ನಬಹುದಿತ್ತು, ನನಗೆ ಸಮಾಧಾನವಾಗುತ್ತಿತ್ತು. ಗೊತ್ತಿಲ್ಲ ಎಂದಳು. ಅದನ್ನೇ ನಾನು ಇಷ್ಟು ವರ್ಷ ಇಟ್ಟುಕೊಂಡಿದ್ದೇನೆ. ವಾರ್ಡಿನಲ್ಲಿ ಚೀಟಿಯಲ್ಲಿ ಬಲಗಾಲು ಎಂದು ಬರೆದಿದ್ದರೂ ನಾನು ಪಟ್ಟಿ ಬಿಚ್ಚುವ ಮೊದಲು, "ಯಾವ ಕಾಲ್ರಿ, ಕೈ ಮುಟ್ಟಿ ತೋರಸ್ರಿ," ಎನ್ನುತ್ತೇನೆ. ಹೊಸ ಹುಡುಗಿಯರು ನಗುತ್ತಾರೆ. ಔಷಧಿ ಕೆಳಗೆ ಬಿದ್ದರೆ ಬಿದ್ದ ಗಳಿಗೆಯಲ್ಲೇ ಹೇಳಿಬಿಡುತ್ತೇನೆ. ಅದಕ್ಕೂ ನಗುತ್ತಾರೆ.

ಈಗ ಅಕ್ಕನ ಮಗಳು ಅಂಕಿತಾ ನೀಟ್‌ಗೆ ಓದುತ್ತಿದ್ದಾಳೆ. ಅವಳ ಮೊಬೈಲಿನಲ್ಲಿ ಬೆರಳಿನಿಂದ ತಿರುಗಿಸಿದರೆ ತಿರುಗುವ ಹೃದಯವಿದೆ. ಈ ಸಲ ಬಸವ ಜಯಂತಿಗೆ ನರೋಣಾಕ್ಕೆ ಹೋದಾಗ ಅವಳೂ ಬಂದಿದ್ದಳು. ತಮ್ಮನ ಹೆಂಡತಿ ಪಡಸಾಲೆ ತೊಳೆಯುತ್ತಿದ್ದಳು, ಅವ್ವ ಕುರ್ಚಿಯ ಮೇಲೆ ಕೂತು ಮೂಲೆಮೂಲೆಗೆ ಹುಕುಂ ಕೊಡುತ್ತಿದ್ದಳು. ಅಂಕಿತಾ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಕೇಳಿದಳು:

"ಮೌಶಿ, ನೀನ ಹೇಳು. ಖರೇ ಅಂದ್ರ ಎಷ್ಟ ಬಾಯಿಪಾಠ ಮಾಡಬೇಕಾಗ್ತದ? ಅವ್ವ ಒಂದ ಅಂತಾಳ, ಸರ್ ಒಂದ ಅಂತಾರ."

ನಾನು ನಡುವಿನ ಕಲ್ಲು ನೋಡುತ್ತಿದ್ದೆ. ಅದು ಒಣಗಿದ್ದಾಗ ಏನೂ ಕಾಣುವುದಿಲ್ಲ. ನೀರು ಬಿದ್ದಾಗ ಮಾತ್ರ, ಕಲ್ಲಿನ ಬೂದುಬಣ್ಣದಿಂದ ಹಳೆಯ ನೀಲಿ ಅಂಗೈಯಗಲ ಮೇಲೆ ಬರುತ್ತದೆ. ಬಾಗಿಲಿನಿಂದ ನೋಡುವವರ ಬಲಕ್ಕೆ.

"ಬಾಯಿಪಾಠ ಎಲ್ಲಾ ಮಾಡು," ಎಂದೆ. "ಆಮ್ಯಾಲ ಇಲ್ಲಿ ಬಾ, ನನ್ನ ಎದುರ ನಿಂದ್ರು. ಬಲಗೈ ಎತ್ತು."

ಅವಳು ಮೊಬೈಲನ್ನು ಎಡಗೈಗೆ ಬದಲಾಯಿಸಿಕೊಂಡು, ಒದ್ದೆ ನೆಲದ ಮೇಲೆ ಹುಷಾರಾಗಿ ಹೆಜ್ಜೆ ಇಡುತ್ತ ಬಂದಳು. ಅವ್ವ ಕುರ್ಚಿಯಿಂದಲೇ ಕೂಗಿದಳು:

"ಸುತ್ತ ಬಳಸಿ ಬಾ ಬೇ ಪೋರಿ, ಅಲ್ಲಿ ನಿಮ್ಮವ್ವನ ಗುಂಡಿಗಿ ಅದ."